ಕಿವಿಯ ಒಳಭಾಗಕ್ಕೆ ಯಾವ ಸ್ಕ್ಯಾನ್: ಸಿಟಿಯೋ, ಎಂಆರ್‌ಐಯೋ, ಸದ್ಯಕ್ಕೆ ಎರಡೂ ಬೇಡವೋ?

ನಾನು ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್. ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆಯಿಂದ ಬರುವವರ ಕೈಯಲ್ಲಿ ಈಗೀಗ ಒಂದಲ್ಲ, ಎರಡು ಮೂರು ಚೀಟಿ ಇರುತ್ತವೆ. ಒಬ್ಬ ವೈದ್ಯರು ಸಿಟಿ ಬರೆದಿರುತ್ತಾರೆ. ಇನ್ನೊಬ್ಬರು ಎಂಆರ್‌ಐ ಬರೆದಿರುತ್ತಾರೆ. ಮೂರನೆಯವರು ಏನೂ ಬೇಡ, ಮಾತ್ರೆ ತಗೊಳ್ಳಿ ಎಂದಿರುತ್ತಾರೆ. "ಮೇಡಂ, ಯಾವುದು ಮಾಡ್ಸೋದು?" ಎಂದು ಕೇಳುವಾಗ ಅವರ ಮುಖದಲ್ಲಿ ಖರ್ಚಿನ ಚಿಂತೆಯೂ ಇರುತ್ತದೆ, ಏನೋ ದೊಡ್ಡದೇ ಆಗಿದೆಯೇನೋ ಎಂಬ ಭಯವೂ ಇರುತ್ತದೆ.

ಈ ಬರಹ ಅವರಿಗಾಗಿ. ವೈದ್ಯರ ಬದಲಿಗೆ ಇದನ್ನು ಓದಿ ಎಂದು ನಾನು ಹೇಳುತ್ತಿಲ್ಲ. ವೈದ್ಯರ ಎದುರು ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

ಮೊದಲು ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಅಪ್ಪಯ್ಯ ಊರಿನಲ್ಲಿದ್ದರು. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಇಡೀ ಮಾಡು ಗಿರ್ರನೆ ತಿರುಗಿತಂತೆ. ಪಿತ್ತ ಎಂದು ಅಮ್ಮ ಮುರುಗಲು ಶರಬತ್ತು ಮಾಡಿಕೊಟ್ಟರು. ಮರುದಿನವೂ ಹಾಗೇ ಆಯಿತು. ಅಣ್ಣ ಹೆದರಿ ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಫೋನಿನಲ್ಲಿ ನಾನೂ "ಸ್ಕ್ಯಾನ್ ಮಾಡಿಸಿಬಿಡು" ಎಂದೆ. ಮಿದುಳಿನ ಸಿಟಿ ಆಯಿತು, ಎಲ್ಲಾ ಸರಿಯಾಗಿದೆ ಎಂದು ವರದಿ ಬಂತು. ತಲೆಸುತ್ತಿಗೆ ಮಾತ್ರೆ ಕೊಟ್ಟರು. ಮೂರು ವಾರ ಅದನ್ನು ನುಂಗಿ ಅಪ್ಪಯ್ಯ ಮಂಕಾಗಿ ಕೂತುಬಿಟ್ಟರು. ಕೊನೆಗೆ ನನ್ನಲ್ಲಿಗೆ ಬಂದಾಗ ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಹಾಗೇ ಹಿಂದಕ್ಕೆ ಮಲಗಿಸಿದೆ. ಎರಡೇ ಕ್ಷಣದಲ್ಲಿ ಕಣ್ಣುಗುಡ್ಡೆ ತಿರುಗುತ್ತಾ ಕುಣಿಯತೊಡಗಿತು. ಅದೇ ದಿನ ಕಿವಿ ಮೂಗು ಗಂಟಲು ವೈದ್ಯರು ತಲೆಯನ್ನು ನಾಲ್ಕು ಹಂತದಲ್ಲಿ ತಿರುಗಿಸಿ ಸರಿಮಾಡಿದರು. ಒಂದು ವಾರದ ನಂತರ ಮತ್ತೊಮ್ಮೆ ಮಾಡಿದ ಮೇಲೆ ಪೂರ್ತಿ ನಿಂತಿತು.

ಆ ಸಿಟಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಪ್ಪಯ್ಯನ ಕಾಯಿಲೆ ಯಾವ ಸ್ಕ್ಯಾನಿನಲ್ಲೂ ಕಾಣುವಂಥದ್ದೇ ಅಲ್ಲ. ಫೋನಿನಲ್ಲಿ ನಾನು ಮೊದಲು ಕೇಳಬೇಕಾಗಿದ್ದದ್ದು "ಮಲಗಿಸಿ ನೋಡಿದ್ರಾ?" ಎಂದು. ಅದನ್ನು ಕೇಳಲಿಲ್ಲ ಎಂಬ ನೋವು ನನಗೆ ಈಗಲೂ ಇದೆ.

ಯಾವುದನ್ನು ನೋಡಿ ಆರಿಸಬೇಕು?

ಒಳಕಿವಿ ಎಂದರೆ ಗಟ್ಟಿ ಮೂಳೆಯೊಳಗೆ ಕೊರೆದ ಸಣ್ಣ ಸುರಂಗಗಳು. ಆ ಸುರಂಗಗಳಲ್ಲಿ ನೀರು, ನೀರಿನಲ್ಲಿ ತೇಲುವ ತೆಳುಪೊರೆಯ ಕೊಳವೆಗಳು, ಅಲ್ಲಿಂದ ಮಿದುಳಿಗೆ ಹೋಗುವ ನರ. ಕೇಳಿಸಿಕೊಳ್ಳುವುದಕ್ಕೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿದ ಕೊಳವೆ. ದೇಹದ ಸಮತೋಲಕ್ಕೆ ಮೂರು ಅರ್ಧ ಬಳೆಗಳು ಮತ್ತು ಎರಡು ಚೀಲಗಳು. ಮೂಳೆ, ನೀರು, ನರ. ನಿಮ್ಮ ತೊಂದರೆ ಇವುಗಳಲ್ಲಿ ಯಾವುದರದ್ದು ಎಂದು ವೈದ್ಯರಿಗೆ ಅನುಮಾನವಿದೆ? ಇದು ಮೊದಲ ಅಳತೆ. ಸಿಟಿ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಎಂಆರ್‌ಐ ನೀರು ಮತ್ತು ನರವನ್ನು ತೋರಿಸುತ್ತದೆ. ಒಂದು ಇನ್ನೊಂದರ ದುಬಾರಿ ರೂಪವಲ್ಲ. "ಹೇಗೂ ಖರ್ಚಾಗುತ್ತೆ, ದೊಡ್ಡದೇ ಮಾಡ್ಸೋಣ" ಎಂದು ಎಂಆರ್‌ಐಗೆ ಹೋಗುವವರು ಇದನ್ನು ನೆನಪಿಡಬೇಕು.

ಎರಡನೆಯದು ಇನ್ನೂ ಮುಖ್ಯ. ಸ್ಕ್ಯಾನಿನ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ವರದಿ ಏನೇ ಬಂದರೂ ಅದೇ ಮಾತ್ರೆ, ಅದೇ ವ್ಯಾಯಾಮ ಎಂದಾದರೆ ಸುಮ್ನೆ ದುಡ್ಡು ಹಾಕುವುದು ಯಾಕೆ? ಇದನ್ನು ವೈದ್ಯರನ್ನೇ ನೇರವಾಗಿ ಕೇಳಿ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಆಮೇಲೆ ನಿಮ್ಮ ದೇಹದ ವಿಷಯ: ಗರ್ಭಿಣಿಯೇ, ಮಗುವೇ, ಕಿಡ್ನಿ ದುರ್ಬಲವೇ, ಮೈಯೊಳಗೆ ಲೋಹ ಇದೆಯೇ. ಕೊನೆಗೆ ದೂರ ಮತ್ತು ಹಣ. ತುಮರಿಯಿಂದಲೋ ನಿಟ್ಟೂರಿನಿಂದಲೋ ಶಿವಮೊಗ್ಗಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೆಲಸ ಕೆಟ್ಟಂತೆ. ಹಾಗಾಗಿ ಒಮ್ಮೆ ಬಂದಾಗ ಸರಿಯಾದದ್ದೇ ಆಗಬೇಕು.

ಸ್ಕ್ಯಾನ್ ಇಲ್ಲದೆ, ಕೈ ಪರೀಕ್ಷೆ ಮತ್ತು ಆಡಿಯೋಗ್ರಾಂ

ಬಹಳಷ್ಟು ಜನರಿಗೆ ಶುರು ಮಾಡಬೇಕಾದದ್ದು ಇಲ್ಲಿಂದಲೇ.

ಅಪ್ಪಯ್ಯನಿಗೆ ಆಗಿದ್ದನ್ನು ಬಿಪಿಪಿವಿ ಎನ್ನುತ್ತಾರೆ. ಒಳಕಿವಿಯ ಚೀಲದಲ್ಲಿ ಅಂಟಿಕೊಂಡಿರಬೇಕಾದ ಸುಣ್ಣದ ಹರಳುಗಳು ಬಿಡಿಸಿಕೊಂಡು ಅರ್ಧ ಬಳೆಯೊಳಗೆ ಬೀಳುತ್ತವೆ. ತಲೆ ಆಡಿದಾಗ ಅವು ಉರುಳುತ್ತವೆ, ಲೋಕ ತಿರುಗುತ್ತದೆ. ಮಗ್ಗುಲು ಬದಲಿಸಿದಾಗ, ಬಗ್ಗಿ ಎದ್ದಾಗ, ಅಡಿಕೆ ಗೊನೆ ನೋಡಲು ತಲೆ ಎತ್ತಿದಾಗ ಬರುತ್ತದೆ. ಒಂದು ನಿಮಿಷದೊಳಗೆ ನಿಲ್ಲುತ್ತದೆ. ಕೇಳುವುದರಲ್ಲಿ ವ್ಯತ್ಯಾಸ ಆಗುವುದಿಲ್ಲ. ಈ ಹರಳುಗಳು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸಿನವು. ಸೂಕ್ಷ್ಮ ಸಿಟಿ ಕೂಡ ಅರ್ಧ ಮಿಲಿಮೀಟರಿನಷ್ಟು ದಪ್ಪದ ಹೋಳುಗಳಲ್ಲಿ ನೋಡುತ್ತದೆ. ಕಾಣುವುದಾದರೂ ಹೇಗೆ? ಇದನ್ನು ಹಿಡಿಯುವುದು, ನಾನು ಅಪ್ಪಯ್ಯನನ್ನು ಮಲಗಿಸಿ ನೋಡಿದ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. 1952ರಲ್ಲಿ ವಿವರಿಸಿದ್ದು, ಇವತ್ತಿಗೂ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಅದಕ್ಕೆ ಒಂದು ಮಂಚ ಮತ್ತು ತಿಳಿದವರ ಕೈ ಸಾಕು. ಕುತ್ತಿಗೆ ಮೂಳೆಯ ತೊಂದರೆ ಇದ್ದರೆ ಮಾತ್ರ ಮೊದಲೇ ಹೇಳಿ.

ಬೇರೆ ಬೇರೆ ಸ್ವರ ಕೇಳಿಸಿ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಕೂಡ ಹಾಗೆಯೇ. ಎರಡು ಕಿವಿಯ ನಡುವೆ ವ್ಯತ್ಯಾಸ ಇದೆಯೇ, ದಪ್ಪ ಸ್ವರ ಕೇಳುತ್ತಿಲ್ಲವೇ, ಸಣ್ಣ ಸ್ವರವೇ, ತೊಂದರೆ ಮಧ್ಯಕಿವಿಯದೋ ಒಳಕಿವಿಯದೋ ಎಂಬುದನ್ನು ಇದು ಹೇಳುತ್ತದೆ. ಯಾವ ಸ್ಕ್ಯಾನ್ ಬೇಕು ಎಂದು ತೀರ್ಮಾನಿಸಲು ಬೇಕಾದ ಅರ್ಧ ವಿಷಯ ಈ ಒಂದು ಹಾಳೆಯಲ್ಲಿ ಸಿಗುತ್ತದೆ. ಆಡಿಯೋಗ್ರಾಂ ಇಲ್ಲದೆ ಕಿವಿಗೆ ಎಂಆರ್‌ಐ ಬರೆದಿದ್ದರೆ, ತುರ್ತು ಇಲ್ಲದ ಪಕ್ಷದಲ್ಲಿ, ಮೊದಲು ಅದನ್ನು ಮಾಡಿಸಿಕೊಂಡು ಮತ್ತೆ ವೈದ್ಯರನ್ನು ನೋಡಿ.

ಕಿವಿಯ ಹಿಂದಿನ ಮೂಳೆಗೆ ಮಾಮೂಲಿ ಎಕ್ಸ್‌ರೇ ತೆಗೆಸುವ ಹಳೆಯ ರೂಢಿ ಅಲ್ಲಲ್ಲಿ ಉಳಿದಿದೆ. ಒಳಕಿವಿಯ ಮಟ್ಟಿಗೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಕಡಿಮೆ ಖರ್ಚು ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಬೇಡಿ.

ಸಿಟಿ: ಮೂಳೆಯ ಪ್ರಶ್ನೆ ಇದ್ದಾಗ

ಇಲ್ಲಿ ಹೆಸರಿನಲ್ಲೇ ಒಂದು ಎಡವಟ್ಟು ಆಗುತ್ತದೆ. "ಸಿಟಿ ಬ್ರೇನ್" ಬೇರೆ, "ಎಚ್‌ಆರ್‌ಸಿಟಿ ಟೆಂಪೊರಲ್ ಬೋನ್" ಬೇರೆ. ಮೊದಲನೆಯದು ಮಿದುಳಿಗಾಗಿ, ದಪ್ಪ ಹೋಳುಗಳಲ್ಲಿ ನೋಡುವಂಥದ್ದು. ಎರಡನೆಯದು ಕಿವಿಯ ಮೂಳೆಗಾಗಿಯೇ ತೆಳು ಹೋಳುಗಳಲ್ಲಿ ತೆಗೆಯುವಂಥದ್ದು. ಚೀಟಿಯಲ್ಲಿ ಯಾವುದಿದೆ ಎಂದು ಓದಿಸಿಕೊಳ್ಳಿ. ಮಿದುಳಿನ ಸಿಟಿ ಸರಿಯಿದೆ ಎಂದರೆ ಕಿವಿ ಸರಿಯಿದೆ ಎಂದು ಅರ್ಥವಲ್ಲ.

ನಮ್ಮ ಕಡೆ ಇದು ಜಾಸ್ತಿ ಉಪಯೋಗಕ್ಕೆ ಬರುವುದು ಸೋರುವ ಕಿವಿಗೆ. ಹತ್ತಾರು ವರ್ಷದಿಂದ ಕಿವಿ ಸೋರುತ್ತಿದೆ, ವಾಸನೆ ಇದೆ, ಈಗ ತಲೆಸುತ್ತೂ ಶುರುವಾಗಿದೆ ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಲೆಸ್ಟಿಯಟೋಮ ಎಂಬ ಚರ್ಮದ ಗಂಟು ಮೂಳೆಯನ್ನು ಸವೆಸುತ್ತಾ ಒಳಕಿವಿಯ ಗೋಡೆಯವರೆಗೂ ಹೋಗಿರಬಹುದು. ಎಷ್ಟು ಸವೆದಿದೆ ಎಂಬುದನ್ನು ಆಪರೇಷನ್ನಿಗೆ ಮೊದಲು ತೋರಿಸುವುದು ಸಿಟಿ. ಆಪರೇಷನ್ ಆದ ಮೇಲೆ ಅದು ಮತ್ತೆ ಬೆಳೆದಿದೆಯೇ ಎಂದು ತಿಳಿಯಲು ಮಾತ್ರ ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಹೆಚ್ಚು ಸಹಾಯಕ. ಗಾಯದ ಕಲೆಗೂ ಗಂಟಿಗೂ ಇರುವ ವ್ಯತ್ಯಾಸ ಸಿಟಿಯಲ್ಲಿ ಗೊತ್ತಾಗುವುದು ಕಷ್ಟ.

ಇನ್ನೊಂದು, ಮರದಿಂದ ಬಿದ್ದವರು. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಈ ಸುದ್ದಿ ಕೇಳದ ವರ್ಷವಿಲ್ಲ. ಬಿದ್ದ ಮೇಲೆ ಕಿವಿಯಿಂದ ರಕ್ತ ಅಥವಾ ನೀರಿನಂಥದ್ದು ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಕಿವಿ ಕೇಳದಿದ್ದರೆ ಕಿವಿಯ ಮೂಳೆ ಬಿರುಕು ಬಿಟ್ಟಿರಬಹುದು. ಜೀವಕ್ಕೆ ಅಪಾಯ ಇದೆಯೇ ಎಂದು ಮೊದಲು ಮಿದುಳಿನ ಸಿಟಿ. ಆಮೇಲೆ ಕಿವಿಯ ಮೂಳೆಯ ಸೂಕ್ಷ್ಮ ಸಿಟಿ. ಆ ಕಿವಿಗೆ ಎಣ್ಣೆ, ಔಷಧಿ ಏನನ್ನೂ ಬಿಡಬೇಡಿ.

ಅಪರೂಪದ ಒಂದು ತೊಂದರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದನ್ನು ಹೇಳಿಕೊಂಡವರನ್ನು ಮನೆಯವರೇ ನಂಬುವುದಿಲ್ಲ. ಯಕ್ಷಗಾನದ ಚೆಂಡೆ ಬಾರಿಸಿದ ತಕ್ಷಣ ತಲೆ ಸುತ್ತುವುದು, ತಮ್ಮದೇ ಸ್ವರ ಕಿವಿಯೊಳಗೆ ಗುಂಯ್ ಎನ್ನುವುದು, ಕಣ್ಣುಗುಡ್ಡೆ ಹೊರಳುವ ಸದ್ದೂ ಕೇಳಿಸುವುದು. ಇದು ಭ್ರಮೆಯಲ್ಲ. ಮೇಲಿನ ಅರ್ಧ ಬಳೆಯ ಮೇಲ್ಛಾವಣಿಯ ಮೂಳೆ ಇಲ್ಲದಿದ್ದರೆ ಹೀಗಾಗುತ್ತದೆ. ಅಮೆರಿಕದ ಲಾಯ್ಡ್ ಮೈನರ್ 1998ರಲ್ಲಿ ಇದನ್ನು ವಿವರಿಸುವವರೆಗೆ ವೈದ್ಯರಿಗೂ ಇದಕ್ಕೊಂದು ಹೆಸರಿರಲಿಲ್ಲ. ತೆಳು ಹೋಳಿನ ಸಿಟಿಯಲ್ಲಿ ಇದು ಕಾಣುತ್ತದೆ. ಆದರೆ ಬಹಳ ತೆಳುವಾದ ಮೂಳೆಯನ್ನು ಸಿಟಿ ಕೆಲವೊಮ್ಮೆ ಇಲ್ಲವೇ ಇಲ್ಲ ಎಂಬಂತೆ ತೋರಿಸಿಬಿಡುತ್ತದೆ. ಅದಕ್ಕೇ ಚಿತ್ರವೊಂದನ್ನೇ ನಂಬಬಾರದು, ಸದ್ದು ಕೇಳಿಸಿ ಸಮತೋಲದ ಅಂಗದ ಪ್ರತಿಕ್ರಿಯೆ ಅಳೆಯುವ ವೆಂಪ್ ಎಂಬ ಪರೀಕ್ಷೆಯೂ ಅದಕ್ಕೆ ಹೊಂದಬೇಕು.

ಸಿಟಿಯ ಒಳ್ಳೆಯ ಗುಣ ಬೇಗ ಮುಗಿಯುವುದು. ಮೇಜಿನ ಮೇಲೆ ಮಲಗಿ ಏಳುವುದು ಕೆಲವೇ ನಿಮಿಷದ ಮಾತು. ಖರ್ಚೂ ಕಡಿಮೆ. ತೊಂದರೆ ಎಂದರೆ ವಿಕಿರಣ. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ (ವಿಕಿರಣದ ಅಳತೆ) ಬೀಳುತ್ತದೆ. ನೆಲ, ಗಾಳಿ, ಆಕಾಶದಿಂದ ಮನುಷ್ಯ ಒಂದು ವರ್ಷಕ್ಕೆ ಪಡೆಯುವುದು ಜಗತ್ತಿನ ಸರಾಸರಿಯಲ್ಲಿ 2.4. ದೊಡ್ಡವರಿಗೆ, ಕಾರಣ ಇದ್ದಾಗ, ಇದು ಹೆದರುವಷ್ಟಲ್ಲ. ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಮಾತ್ರ ಎರಡು ಸಲ ಯೋಚಿಸಬೇಕು. ವರದಿ ಕಳೆದುಹೋಯಿತು ಎಂದು ಮತ್ತೆ ಸಿಟಿ ಮಾಡಿಸುವುದಂತೂ ಬೇಡವೇ ಬೇಡ.

ಎಂಆರ್‌ಐ: ನೀರು ಮತ್ತು ನರದ ಪ್ರಶ್ನೆ ಇದ್ದಾಗ

ಒಂದೇ ಕಿವಿ ಮಂದವಾಗುತ್ತಿದೆ, ಅದೇ ಕಿವಿಯಲ್ಲಿ ಗುಂಯ್‌ಗುಡುವಿಕೆ, ನಡೆಯುವಾಗ ಸ್ವಲ್ಪ ಓಲಾಟ. ಆಡಿಯೋಗ್ರಾಂನಲ್ಲಿ ಎರಡು ಕಿವಿಯ ಗೆರೆಗಳು ದೂರ ದೂರ. ಹೀಗಿದ್ದರೆ ಕಿವಿಯ ನರದ ಮೇಲೆ ಗಡ್ಡೆ ಇದೆಯೇ ಎಂದು ನೋಡಲೇಬೇಕು. ಇದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ನಿಧಾನ ಬೆಳೆಯುತ್ತದೆ. ಆದರೆ ಬೇಗ ತಿಳಿದಷ್ಟೂ ದಾರಿಗಳು ಜಾಸ್ತಿ. ಇಲ್ಲಿ ಸಿಟಿಯನ್ನು ಆರಿಸಿದರೆ ಸಣ್ಣ ಗಡ್ಡೆ ತಪ್ಪಿಹೋಗುತ್ತದೆ.

ಎಂಆರ್‌ಐನಲ್ಲೂ ಹೆಸರು ನೋಡಬೇಕು. ಬರೀ "ಎಂಆರ್‌ಐ ಬ್ರೇನ್" ಎಂದಿದ್ದರೆ ಕಿವಿಯ ನರದ ಓಣಿಯನ್ನು ಸೂಕ್ಷ್ಮವಾಗಿ ತೆಗೆಯದೇ ಇರಬಹುದು. "ಐಎಸಿ" (ಆ ಓಣಿಯ ಹೆಸರು) ಅಥವಾ "ಸಿಪಿ ಆಂಗಲ್" (ಓಣಿಯಿಂದ ನರ ಮಿದುಳು ಸೇರುವ ಮೂಲೆ) ಎಂದು ಸೇರಿಸಿ ಬರೆಸಿಕೊಳ್ಳಿ.

ಡೈ ಇಂಜೆಕ್ಷನ್ ಬೇಕೇ ಎಂಬುದು ಮುಂದಿನ ಗೊಂದಲ. ಗ್ಯಾಡೋಲಿನಿಯಂ ಎಂಬ ಡೈ ಹಾಕಿದರೆ ಬಹಳ ಸಣ್ಣ ಗಡ್ಡೆ, ಒಳಕಿವಿಯ ಉರಿಯೂತ ಎಲ್ಲಾ ಹೊಳೆದು ಕಾಣುತ್ತದೆ. ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಅದೇ. ಆದರೆ ಡೈ ಇಲ್ಲದೆಯೂ, ನೀರನ್ನು ಬೆಳ್ಳಗೆ ತೋರಿಸುವ ತೆಳು ಹೋಳಿನ ಚಿತ್ರಗಳಲ್ಲಿ ನರದ ಗಡ್ಡೆಗಳು ಬಹುಪಾಲು ಸಿಕ್ಕಿಬೀಳುತ್ತವೆ. ಗಡ್ಡೆ ಇದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾಗಿದ್ದು, ಕೈ ಬಿಗಿ ಇದ್ದರೆ ಅಥವಾ ಕಿಡ್ನಿ ದುರ್ಬಲವಾಗಿದ್ದರೆ, "ಮೊದಲು ಡೈ ಇಲ್ಲದೆ ನೋಡಬಹುದಾ?" ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಡೈ ಹಾಕುವುದಾದರೆ ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿಕೊಂಡು ಬನ್ನಿ. ಅದಿಲ್ಲದೆ ಬಂದು ಅರ್ಧ ದಿನ ಕಾದವರನ್ನು ನೋಡಿದ್ದೇನೆ. ಗರ್ಭಿಣಿಯರಿಗೆ ಡೈ ಬೇಡ.

ಎಂಆರ್‌ಐಯಲ್ಲಿ ವಿಕಿರಣ ಇಲ್ಲ. ಆದರೆ ಅರ್ಧ ಗಂಟೆಯೋ ಜಾಸ್ತಿಯೋ ಕಿರಿದಾದ ಕೊಳವೆಯಲ್ಲಿ ಅಲ್ಲಾಡದೆ ಮಲಗಬೇಕು. ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿಗೆ ಹತ್ತಿ ಅಲ್ಲ, ಸರಿಯಾದ ಇಯರ್ ಪ್ಲಗ್ ಕೇಳಿ ಹಾಕಿಸಿಕೊಳ್ಳಿ. ಖಾಸಗಿಯಲ್ಲಿ ಸಿಟಿಯ ಎರಡರಷ್ಟು ಖರ್ಚು ಬೀಳುವುದು ಸಾಮಾನ್ಯ, ಡೈ ಸೇರಿದರೆ ಇನ್ನೂ ಮೇಲೆ. ಮೆಗ್ಗಾನ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು ಮೂರನ್ನೂ ಒಯ್ಯಿರಿ. ಯಾವ ಸ್ಕ್ಯಾನಿಗೆ ರಿಯಾಯಿತಿ ಇದೆ ಎಂದು ಹಣ ಕಟ್ಟುವ ಮೊದಲು ವಿಚಾರಿಸಿ.

ಲೋಹದ ವಿಷಯ ಮುಚ್ಚಿಡಬೇಡಿ. ಪೇಸ್‌ಮೇಕರ್, ತಲೆಯೊಳಗಿನ ಕ್ಲಿಪ್, ಹಿಂದೆ ಆದ ಕಿವಿ ಆಪರೇಷನ್ನಿನ ಕಾಗದ ಎಲ್ಲವನ್ನೂ ತೋರಿಸಿ. ಭದ್ರಾವತಿ ಕಾರ್ಖಾನೆಯಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ದುಡಿದವರ ಕಣ್ಣಿಗೆ ಎಂದೋ ಕಬ್ಬಿಣದ ಚೂರು ಸಿಡಿದಿದ್ದರೆ ಅದನ್ನೂ ಹೇಳಬೇಕು. ಮೈಯಲ್ಲಿ ಕೋವಿಯ ಚರೆ ಉಳಿದಿದ್ದರೆ ಅದನ್ನೂ. ಎಂಆರ್‌ಐ ಆಗದವರಿಗೆ ಡೈ ಹಾಕಿದ ಸಿಟಿ ಮತ್ತು ಸದ್ದಿಗೆ ಕಿವಿಯ ನರ ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ ಇದೆ. ಅವು ಸಣ್ಣ ಗಡ್ಡೆಯನ್ನು ತಪ್ಪಿಸಬಹುದು ಎಂಬುದನ್ನು ತಿಳಿದೇ ಆರಿಸಬೇಕಾಗುತ್ತದೆ.

ಮೆನಿಯೇರ್ ಕಾಯಿಲೆಗೆ ವಿಶೇಷ ಎಂಆರ್‌ಐ?

ಇಪ್ಪತ್ತು ನಿಮಿಷದಿಂದ ಹಲವು ಗಂಟೆ ತಲೆ ಸುತ್ತು, ಕಿವಿ ಕಟ್ಟಿದಂತೆ, ಗುಂಯ್‌ಗುಡುವಿಕೆ, ಕೇಳುವುದು ಒಂದು ದಿನ ಚೆನ್ನ, ಒಂದು ದಿನ ಮಂದ. ಇದು ಮೆನಿಯೇರ್ ಇರಬಹುದು. ಒಳಕಿವಿಯ ಒಂದು ಬಗೆಯ ನೀರು ಜಾಸ್ತಿಯಾಗಿ ಪೊರೆ ಉಬ್ಬುತ್ತದೆ. ಆ ಉಬ್ಬನ್ನು ಬದುಕಿರುವವರಲ್ಲಿ ನೋಡುವುದು ಬಹುಕಾಲ ಸಾಧ್ಯವೇ ಇರಲಿಲ್ಲ. ಈಗ ಡೈ ಕೊಟ್ಟು ಸುಮಾರು ನಾಲ್ಕು ಗಂಟೆ ಕಾದು, 3 ಟೆಸ್ಲಾ ಶಕ್ತಿಯ ಆಯಸ್ಕಾಂತ ಇರುವ ಎಂಆರ್‌ಐ ಯಂತ್ರದಲ್ಲಿ ತೆಗೆದರೆ ಕಾಣುತ್ತದೆ. ಇದನ್ನು ಓದಿದವರು ಬೆಂಗಳೂರಿಗೆ ಹೋಗಿ ಮಾಡಿಸಬೇಕೇ ಎಂದು ಕೇಳುತ್ತಾರೆ.

ನನ್ನ ಅಭಿಪ್ರಾಯ, ಶುರುವಿನಲ್ಲಿ ಬೇಡ. ರೋಗ ಗುರುತಿಸುವುದು ಮುಖ್ಯವಾಗಿ ಲಕ್ಷಣ ಮತ್ತು ಆಡಿಯೋಗ್ರಾಂನಿಂದ. ಗಡ್ಡೆ ಇಲ್ಲ ಎಂದು ಖಾತ್ರಿಗೆ ಒಂದು ಮಾಮೂಲಿ ಐಎಸಿ ಎಂಆರ್‌ಐ ಸಾಕು. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳುವುದಕ್ಕೆ, ಊಟದೆಲೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ದೂರ ಇಡುವುದಕ್ಕೆ ಆ ಚಿತ್ರ ಬೇಕಿಲ್ಲ. ಮಾತ್ರೆಗೆ ಬಗ್ಗದೆ, ಕಿವಿಯೊಳಗೆ ಇಂಜೆಕ್ಷನ್ ಅಥವಾ ಆಪರೇಷನ್ ಮಾತು ಬಂದಾಗ, ಯಾವ ಕಿವಿ ಎಂಬ ಅನುಮಾನ ಉಳಿದಾಗ ಅದಕ್ಕೆ ಬೆಲೆ ಇದೆ.

ಎರಡೂ ಬೇಕಾಗುವುದು ಯಾರಿಗೆ?

ಹುಟ್ಟುಕಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ತಂತಿ ಇಟ್ಟು ಕೇಳಿಸುವ ಸಾಧನ) ಹಾಕಿಸುವ ಯೋಚನೆ ಇದ್ದರೆ. ಸುರಂಗದ ಆಕಾರ, ಮೂಳೆಯ ದಾರಿ ಸಿಟಿಯಲ್ಲಿ ತಿಳಿಯುತ್ತದೆ. ಕೇಳುವ ನರ ಇದೆಯೇ, ಸುರಂಗದಲ್ಲಿ ನೀರು ಇದೆಯೇ ಎಂಬುದು ಎಂಆರ್‌ಐಯಲ್ಲಿ. ನರವೇ ಇಲ್ಲದಿದ್ದರೆ ಇಂಪ್ಲಾಂಟಿನ ಮಾತೇ ಬೇರೆಯಾಗುತ್ತದೆ. ಇಲ್ಲಿ ಹಣ ಉಳಿಸಲು ಒಂದನ್ನು ಬಿಡಬೇಡಿ. ಆದರೆ ಎಲ್ಲಿ ಆಪರೇಷನ್ ಆಗುತ್ತದೋ ಅವರನ್ನು ಕೇಳಿಯೇ ಮಾಡಿಸಿ, ಇಲ್ಲವಾದರೆ ಮಗುವಿಗೆ ಎರಡೆರಡು ಸಲ ನಿದ್ದೆ ಔಷಧಿ ಕೊಡಬೇಕಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಪೂರ್ತಿ ತಪಾಸಣೆ ಮಾಡಿಸಬಹುದು. ತಾಳಗುಪ್ಪದ ರೈಲು ಸಾಗರ, ಶಿವಮೊಗ್ಗದ ಮೇಲೆ ನೇರ ಮೈಸೂರಿಗೆ ಹೋಗುತ್ತದೆ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಇಂಪ್ಲಾಂಟಿಗೆ ನೆರವು ಇದೆ, ಅಲ್ಲೇ ವಿಚಾರಿಸಿ.

ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಆಗಿ ಕಿವಿ ಹೋದ ಮಗು ಮಾತ್ರ ಕಾಯುವಂತಿಲ್ಲ. ಆ ಸುರಂಗದಲ್ಲಿ ವಾರಗಳಲ್ಲೇ ಮೂಳೆ ತುಂಬಿಕೊಳ್ಳತೊಡಗಬಹುದು. ತುಂಬಿದ ಮೇಲೆ ಇಂಪ್ಲಾಂಟಿನ ತಂತಿ ಒಳಗೆ ಹೋಗುವುದೇ ಕಷ್ಟ. ಶುರುವಿನ ಬದಲಾವಣೆ ಸಿಟಿಗಿಂತ ಮೊದಲೇ ಎಂಆರ್‌ಐಯಲ್ಲಿ ಕಾಣುತ್ತದೆ. ಜ್ವರ ಇಳಿದು ಮಗು ಮನೆಗೆ ಬಂದಿತಲ್ಲ ಎಂದು ಸುಮ್ಮನಿರಬೇಡಿ.

ಸ್ಕ್ಯಾನಿಗಾಗಿ ಕಾಯಬಾರದ ಎರಡು ಹೊತ್ತು

ರಾತ್ರಿ ಸರಿಯಿದ್ದ ಕಿವಿ ಬೆಳಿಗ್ಗೆ ಕೇಳುತ್ತಿಲ್ಲ. ಶೀತ ಇರಬೇಕು, ಗುಗ್ಗೆ ಕಟ್ಟಿರಬೇಕು ಎಂದು ಎಣ್ಣೆ ಬಿಟ್ಟು ಕೂರುವವರೇ ಜಾಸ್ತಿ. ಮೂರು ದಿನದೊಳಗೆ ಕಿವಿ ದಿಢೀರ್ ಮಂದವಾದರೆ ಅದು ಒಳಕಿವಿಯ ತುರ್ತು. ಆಡಿಯೋಗ್ರಾಂ ಅವತ್ತೇ ಆಗಬೇಕು. ಸ್ಟೀರಾಯ್ಡ್ ಔಷಧಿ ಆದಷ್ಟು ಬೇಗ, ಎರಡು ವಾರದೊಳಗಂತೂ ಶುರುವಾಗಬೇಕು. ನರದ ಗಡ್ಡೆ ನೋಡಲು ಎಂಆರ್‌ಐ ಬೇಕು ನಿಜ, ಆದರೆ ಅದು ಆಮೇಲೆ ಆಗಬಹುದು. ಎಂಆರ್‌ಐ ದಿನಾಂಕ ಸಿಗಲಿ ಎಂದು ಔಷಧಿಗೆ ಕಾದು, ಕಿವಿ ಕಳೆದುಕೊಂಡವರನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ.

ಇನ್ನೊಂದು, ನಿಲ್ಲದ ತಲೆಸುತ್ತಿನ ಜೊತೆ ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಒಂದು ಕೈಕಾಲು ಬಲ ಕಳೆದುಕೊಳ್ಳುವುದು, ಹಿಡಿದರೂ ನಿಲ್ಲಲಾಗದಿರುವುದು. ಇದು ಪಾರ್ಶ್ವವಾಯು ಇರಬಹುದು. ಕಿವಿ ವೈದ್ಯರನ್ನು ಹುಡುಕಬೇಡಿ, 108ಕ್ಕೆ ಕರೆ ಮಾಡಿ. ಇಂಥ ಹೊತ್ತಿನಲ್ಲಿ ಸಿಟಿ ರಕ್ತಸ್ರಾವವನ್ನು ತೋರಿಸುತ್ತದೆ, ಆದರೆ ಹಿಂಬದಿಯ ಮಿದುಳಿಗೆ ರಕ್ತ ಹರಿಯುವುದು ನಿಂತದ್ದನ್ನು ಬಹಳ ಸಲ ತಪ್ಪಿಸುತ್ತದೆ. ಮೊದಲ ಒಂದೆರಡು ದಿನ ಎಂಆರ್‌ಐ ಕೂಡ ತಪ್ಪಬಹುದು. ತಲೆಯನ್ನು ಪಕ್ಕಕ್ಕೆ ತಟ್ಟನೆ ತಿರುಗಿಸಿ ಕಣ್ಣಿನ ಚಲನೆ ನೋಡುವ ಹಿಂಟ್ಸ್ ಪರೀಕ್ಷೆ, ಪಳಗಿದ ಕೈಯಲ್ಲಿ, ಆ ಮೊದಲ ಹೊತ್ತಿನ ಎಂಆರ್‌ಐಗಿಂತ ಚೆನ್ನಾಗಿ ಪಾರ್ಶ್ವವಾಯುವನ್ನು ಹಿಡಿಯುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ "ಸ್ಕ್ಯಾನ್ ನಾರ್ಮಲ್" ಎಂದರೂ ಈ ಲಕ್ಷಣ ಇದ್ದವರು ಮನೆಗೆ ಹೊರಡಬೇಡಿ.

ಮಾಡಿಸುವುದು ಎಂದು ತೀರ್ಮಾನವಾದ ಮೇಲೆ

ಫಿಲ್ಮ್ ಜೊತೆಗೆ ಸಿಡಿ ಕೇಳಿ ಪಡೆಯಿರಿ. ಮುಂದೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿಗೋ ಹೋದರೆ ಅಲ್ಲಿನವರಿಗೆ ಬೇಕಾಗುವುದು ಅದೇ. ಸಿಡಿ ಇದ್ದರೆ ಎಷ್ಟೋ ಸಲ ಎರಡನೆಯ ಸ್ಕ್ಯಾನ್ ಉಳಿಯುತ್ತದೆ. ಫಿಲ್ಮುಗಳನ್ನು ಅಟ್ಟದ ಮೇಲೆ ಹಾಕಬೇಡಿ. ನಮ್ಮ ಮಳೆಗಾಲದ ಥಂಡಿಗೆ ಬೂಸಲು ಹಿಡಿದು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನೊಳಗೆ ಇಡಿ. ಹಳೆಯ ಆಡಿಯೋಗ್ರಾಂಗಳನ್ನೂ ಅದರ ಜೊತೆಗೇ ಇಡಿ.

ಎಂಆರ್‌ಐಗೆ ಹೋಗುವಾಗ ತಾಳಿ, ಮೂಗುತಿ, ಕಾಲುಂಗುರ, ತಾಯತ, ತಲೆಯ ಪಿನ್ನು ಎಲ್ಲಾ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಕಿವಿಯ ಮಷಿನ್ ಹಾಕುವವರು ಅದನ್ನೂ ಹೊರಗೆ ತೆಗೆಯಲೇಬೇಕು. ಆಗ ಒಳಗಿನಿಂದ ಕೊಡುವ ಸೂಚನೆ ಕೇಳಿಸುವುದಿಲ್ಲ, ಅಲ್ವಾ? ಕಿವಿ ಮಂದ ಇರುವ ಹಿರಿಯರು ಆ ಕೊಳವೆಯೊಳಗೆ ಏನಾಗುತ್ತಿದೆ ಎಂದು ತಿಳಿಯದೆ ಗಾಬರಿಯಾಗುತ್ತಾರೆ. ಜೊತೆಗೆ ಬಂದವರು ಮಷಿನ್ ತೆಗೆಯುವ ಮೊದಲೇ ತಂತ್ರಜ್ಞರ ಜೊತೆ ಮಾತಾಡಿ. ಎಷ್ಟು ಹೊತ್ತು ಆಗುತ್ತದೆ, ಮುಗಿದಾಗ ಕಾಲು ತಟ್ಟುತ್ತೀರಾ, ನಡುವೆ ಕಷ್ಟವಾದರೆ ಒತ್ತಲು ಕೈಯಲ್ಲಿ ಚೆಂಡು ಕೊಡುತ್ತೀರಾ ಎಂದು ಕೇಳಿ, ಹಿರಿಯರಿಗೂ ತಿಳಿಸಿ, ಆಮೇಲೆ ಮಷಿನ್ ತೆಗೆದು ಡಬ್ಬಿಯಲ್ಲಿ ಹಾಕಿ, ಹೊರಗೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.